ನಲ್ಲಿಕಟ್ಟೆಯಲ್ಲಿ ಜಗಳ ನಿಂತ ಬೇಸಿಗೆ

"ಬುದ್ಧಿ, ಜನ ಜಗಳವಾಡದೆ ಒಂದೆಡೆ ಇರುವ ಹಾಗೆ ಏರ್ಪಾಡು ಮಾಡಲು ಬರುವುದಿಲ್ಲವೇ?" ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ. ಅಲ್ಲಿ ಅವನ ಜೊತೆಗಾರ ರುದ್ರಯ್ಯ. ಉಪ್ಪಿನಿಂದ ಹಿಡಿದು ಸೌದೆಯವರೆಗೆ ಇಬ್ಬರಿಗೂ ದಿನಾ ಹತ್ತಿಕೊಳ್ಳುತ್ತಿತ್ತು. ಅಂದು ಬೆಳಿಗ್ಗೆಯಂತೂ ಮಾತಿಗೆ ಮಾತು ಬೆಳೆದು, ಊಟಕ್ಕೆ ಕುಳಿತ ಮಕ್ಕಳು ಎದ್ದು ಬಂದು ನೋಡಿದ್ದರು. ಚನ್ನವೀರ ಅದಕ್ಕೊಂದು ಉಪಾಯ ಹುಡುಕಿಕೊಂಡು ಬಂದಿದ್ದ. ಬೆಳಗಿನ ಅಡುಗೆ ತನ್ನದು, ಸಂಜೆಯದು ರುದ್ರಯ್ಯನದು. ಒಬ್ಬ ಒಳಗಿರುವಾಗ ಇನ್ನೊಬ್ಬ ಹೊಸ್ತಿಲು ತುಳಿಯಬಾರದು. ಗುರುಗಳು ಹೂಂ ಎಂದರೆ ನಾಳೆಯಿಂದಲೇ ಹಾಗೆ ಎಂದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ಬಹಳ ಬುದ್ಧಿವಂತನಾಗಿಬಿಟ್ಟೆಯಪ್ಪ, ಬಾ, ಕೂತು ನೀನೂ ಸುಲಿ, ನಾನೊಂದು ಸಂಗತಿ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದರು. ಹೇಳತೊಡಗಿದರು.

ಒಂದು ಊರು. ಅಲ್ಲಿ ಒಂದು ಓಣಿ. ಓಣಿಗೆ ಇಪ್ಪತ್ತಾರು ಮನೆ, ಒಂದೇ ನಲ್ಲಿ. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ನೀರು ಬಿಡುತ್ತಿದ್ದರು, ಏಳೂವರೆಗೆ ನಿಲ್ಲಿಸುತ್ತಿದ್ದರು. ಜಗಳಕ್ಕೆ ಇನ್ನೇನು ಬೇಕು? ಹೆಂಗಸರು ಕೊಡಗಳನ್ನು ಸಾಲಿಗಿಟ್ಟು ಒಲೆ ನೋಡಲು ಮನೆಗೆ ಹೋಗುತ್ತಿದ್ದರು. ಖಾಲಿ ಕೊಡ ಇಲ್ಲದವರು ಅದರ ಬದಲು ಒಂದು ಕಲ್ಲು ಇಡುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಯಾರೋ ಕಾಲಿನಿಂದ ಕೊಡ ಸರಿಸಿರುತ್ತಿದ್ದರು, ಕಲ್ಲಂತೂ ಚರಂಡಿ ಸೇರಿರುತ್ತಿತ್ತು. ಅಷ್ಟು ಸಾಕು, ಸತ್ತುಹೋದ ಮಾವಂದಿರ ಹೆಸರೂ ಹೊರಗೆ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಊರಿನ ಹೈಸ್ಕೂಲಿನಲ್ಲಿ ಒಂದು ತಿಂಗಳ ಶಿಬಿರ ನಡೆಯಿತು. ವಿನ್ಯಾಸ ಶಿಬಿರ ಎಂದು ಬೋರ್ಡು. ಹದಿಮೂರರಿಂದ ಹದಿನಾರು ವಯಸ್ಸಿನ ಮಕ್ಕಳಿಗೆ. ಚಿತ್ರ ಬರೆಸುತ್ತಾರೆ ಎಂದುಕೊಂಡು ಮಕ್ಕಳು ಬಣ್ಣದ ಡಬ್ಬಿ ಹಿಡಿದು ಹೋದವು. ಶಿಬಿರದ ಮೇಷ್ಟರು ಡಬ್ಬಿ ಒಳಗಿಡಿ ಎಂದರು. ನಿಮ್ಮ ನಿಮ್ಮ ಓಣಿಯಲ್ಲಿ ಕೆಟ್ಟಿರುವುದು ಒಂದನ್ನು ಹುಡುಕಿ, ಕೂತು ನೋಡಿ, ಅಳೆದು ಬರೆದುಕೊಳ್ಳಿ, ಆಮೇಲೆ ನೀವೇ ಸರಿಮಾಡಿ ಎಂದರು. ಒಳ್ಳೆಯ ಮೇಷ್ಟರೇ. ನಾನು ಅವರನ್ನು ಆಡಿಕೊಳ್ಳುತ್ತಿಲ್ಲ.

ಈ ಓಣಿಯಿಂದ ಐದು ಮಕ್ಕಳು ಹೋಗಿದ್ದರು. ಅವರಲ್ಲಿ ಚುರುಕಾದವಳು ಗಾರೆ ಕೆಲಸದವನ ಮಗಳು, ಹದಿನೈದು ವರ್ಷದವಳು. ಏನು ಸರಿಮಾಡೋಣ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅವಳು ನಲ್ಲಿಯ ಎದುರಿನ ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಳು. ಜಗಳ ಶುರುವಾದರೆ ಗಡಿಯಾರ ನೋಡುವಳು. ಯಾರು ಶುರುಮಾಡಿದರು, ಯಾವ ಕಾರಣಕ್ಕೆ, ಎಷ್ಟು ಹೊತ್ತು, ಎಲ್ಲ ಬರೆಯುವಳು. ಜಗಳ ಮುಗಿದ ಕೂಡಲೇ ಕೆಳಗೆ ಒಂದು ಗೀಟೆಳೆದು ಪುಸ್ತಕ ಮುಚ್ಚುವಳು. ನೀರು ಬಂದ ಆರು ದಿನಗಳಲ್ಲಿ ಮೂವತ್ತೊಂಬತ್ತು ಜಗಳ ಬರೆದಳು. ಹೆಚ್ಚಿನವು ಇಬ್ಬರವೇ. ಒಬ್ಬಳು ಬಸ್ ನಿಲ್ದಾಣದಲ್ಲಿ ಹೂ ಮಾರುವವಳು, ಇನ್ನೊಬ್ಬಳು ಹಿಟ್ಟಿನ ಗಿರಣಿಯವನ ಹೆಂಡತಿ. ಇಬ್ಬರೂ ಹನ್ನೊಂದು ವರ್ಷದಿಂದ ಬೈದಾಡಿಕೊಂಡು ಬಂದವರು.

ಮಕ್ಕಳು ಹಗಲಿಡೀ ತಲೆ ಕೆಡಿಸಿಕೊಂಡರು. ಕೊನೆಗೆ ಒಳ್ಳೆಯ ಉಪಾಯವನ್ನೇ ಕಂಡುಕೊಂಡರು. ನಲ್ಲಿಯ ಪಕ್ಕಕ್ಕೆ ಉದ್ದನೆಯ, ಗೇಣೆತ್ತರದ ಸಿಮೆಂಟು ಕಟ್ಟೆ. ಅದರಲ್ಲಿ ಕೊಡ ಕೂರುವಷ್ಟು ಗುಂಡಿಗಳು, ಮನೆಗೆ ಮೂರರಂತೆ. ಪ್ರತಿ ಗುಂಡಿಗೂ ಮನೆಯ ನಂಬರು. ನಲ್ಲಿಗೆ ಉದ್ದದ ರಬ್ಬರ್ ಪೈಪು. ಹಿಂದಿನ ಸಂಜೆ ಎಲ್ಲರೂ ತಮ್ಮ ಗುಂಡಿಯಲ್ಲಿ ಖಾಲಿ ಕೊಡ ಇಟ್ಟು ಹೋಗುವುದು. ಬೆಳಿಗ್ಗೆ ಪಾಳಿಯ ಮನೆಯವರೊಬ್ಬರು ಪೈಪು ಹಿಡಿದು ಎಲ್ಲವನ್ನೂ ತುಂಬಿ ಹೋಗುವುದು. ಉಳಿದವರು ತಮಗೆ ಬಿಡುವಾದಾಗ ಬಂದು ಒಯ್ಯುವುದು. ಗಾರೆ ಕೆಲಸದವನು ಮಗಳ ಮಾತಿಗೆ ಎರಡು ದಿನ ಕೂಲಿ ಬಿಟ್ಟು ಕಟ್ಟೆ ಕಟ್ಟಿಕೊಟ್ಟ. ನಂಬರು ಬರೆಯುವಾಗ ಮಾತ್ರ ಮಕ್ಕಳ ಬಣ್ಣದ ಡಬ್ಬಿ ಹೊರಗೆ ಬಂತು.

ಜಗಳ ನಿಂತಿತು. ಕಡಿಮೆಯಾಯಿತು ಎನ್ನುತ್ತಿಲ್ಲ, ನಿಂತೇಹೋಯಿತು. ಮೊದಲ ದಿನ ಸೊನ್ನೆ, ಮರುಸರದಿಗೆ ಸೊನ್ನೆ. ಶಿಬಿರದ ಕೊನೆಯ ದಿನ ಈ ಐದು ಮಕ್ಕಳಿಗೆ ಮೊದಲ ಬಹುಮಾನ ಬಂತು. ವಾರ್ಡಿನ ಸದಸ್ಯರು ಬಂದು ಕಟ್ಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹುಡುಗಿಯ ಸಂತೋಷಕ್ಕೆ ಪಾರವಿರಲಿಲ್ಲ, ಇರಬೇಕಾದ್ದೇ. ನೀನು ತಂದ ಉಪಾಯಕ್ಕಿಂತ ಅದು ನೂರು ಪಾಲು ಮೇಲು.

ಈಗ ಆ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಹೂವಿನವಳಿಗೆ ಗಂಡ ಇರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅವಳ ಬಲಗೈ ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಭಾರ ಎತ್ತಲು ಬರುತ್ತಿರಲಿಲ್ಲ. ತುಂಬಿದ ಕೊಡ ಒಮ್ಮೆ ಸೊಂಟಕ್ಕೇರಿದರೆ ಎಡಗೈಯಲ್ಲಿ ತಬ್ಬಿಕೊಂಡು ಮನೆಯವರೆಗೂ ನಡೆಯುವಳು. ನೆಲದಿಂದ ಸೊಂಟಕ್ಕೆ ಏರಿಸುವುದೇ ಕಷ್ಟ. ಅದನ್ನು ಹನ್ನೊಂದು ವರ್ಷದಿಂದ ಏರಿಸಿಕೊಡುತ್ತಿದ್ದವಳು ಗಿರಣಿಯವನ ಹೆಂಡತಿ. ಬಾಯಿಗೆ ಬಂದಂತೆ ಬೈಯುವಳು, ಬೈಸಿಕೊಳ್ಳುವಳು, ಎಲ್ಲ ಮುಗಿದ ಮೇಲೆ ಗೊಣಗುತ್ತಲೇ ಬಗ್ಗಿ ಕೊಡ ಎತ್ತಿ ಇವಳ ಸೊಂಟಕ್ಕಿಡುವಳು. ಇವಳು ಉಪಕಾರವಾಯಿತು ಎನ್ನುತ್ತಿರಲಿಲ್ಲ. ಮುಖ ಗಂಟು ಹಾಕಿಕೊಂಡೇ ಹೋಗುತ್ತಿದ್ದಳು. ಎತ್ತಿಕೊಡು ಎಂದು ಒಂದು ದಿನ ಕೇಳಿದವಳಲ್ಲ, ಕೇಳುವ ಪ್ರಮೇಯವೇ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ಹುಡುಗಿ ಗೀಟೆಳೆದು ಪುಸ್ತಕ ಮುಚ್ಚಿರುತ್ತಿದ್ದಳು.

ಕಟ್ಟೆಯಾದ ಮೇಲೆ ಹೂವಿನವಳು ಹೋದಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ತನ್ನ ಮೂರು ಗುಂಡಿಯಲ್ಲಿ ಮೂರು ಕೊಡ ತುಂಬಿ ಕೂತಿರುತ್ತಿದ್ದವು, ಅಷ್ಟೇ. ಯಾರದೋ ಬಾಗಿಲು ತಟ್ಟಿ ಎತ್ತಿಕೊಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮನೆಯಿಂದ ತಂಬಿಗೆ ತಂದು, ಕೊಡದಿಂದ ತುಂಬಿಕೊಂಡು ತುಂಬಿಕೊಂಡು ಒಯ್ದಳು. ಒಂದು ಕೊಡಕ್ಕೆ ಎಂಟು ಸಲ ಓಡಾಟ. ಹೂ ಕಟ್ಟುವುದು ತಡವಾಯಿತು, ಬೆಳಗಿನ ಬಸ್ಸುಗಳು ಹೋದ ಮೇಲೆ ನಿಲ್ದಾಣ ಸೇರಿದಳು. ಅತ್ತೆಗೆ ಸ್ನಾನ ವಾರಕ್ಕೊಮ್ಮೆ ಎಂದಾಯಿತು. ಹೀಗೆ ಮೂರು ವಾರ ನಡೆಸಿದಳು. ಓಣಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಹೇಗೆ ತಿಳಿಯಬೇಕು? ಯಾರ ಕೊಡ ಯಾರು ಒಯ್ದರೆಂದು ನೋಡಲು ಯಾರು ನಿಂತಿದ್ದರು?

ಒಂದು ದಿನ ಅತ್ತೆ ಹಾಸಿಗೆಯನ್ನೆಲ್ಲ ಗಲೀಜು ಮಾಡಿಕೊಂಡಿದ್ದಳು. ತಂಬಿಗೆಯಲ್ಲಿ ಆಗುವ ಕೆಲಸವಲ್ಲ. ಹೂವಿನವಳು ಗಟ್ಟಿ ಮನಸ್ಸು ಮಾಡಿ ಕೊಡವನ್ನು ತಾನೇ ಎತ್ತಿದಳು. ಸೊಂಟದವರೆಗೆ ಬಂತು. ಅಲ್ಲಿಂದ ಜಾರಿತು. ಜೊತೆಗೆ ಅವಳೂ ಒದ್ದೆ ಸಿಮೆಂಟಿನ ಮೇಲೆ ಬಿದ್ದಳು. ಚೆನ್ನಾಗಿದ್ದ ಎಡಗೈಯ ಮಣಿಕಟ್ಟು ಮುರಿಯಿತು. ಹಿಂದೆಲ್ಲ ಕಾಲಿಡಲು ಜಾಗವಿಲ್ಲದೆ ಜನ ತಳ್ಳಾಡುತ್ತಿದ್ದ ನಲ್ಲಿಯ ಮುಂದೆ ಅವಳು ಮುಕ್ಕಾಲು ಗಂಟೆ ಒಬ್ಬಳೇ ಬಿದ್ದುಕೊಂಡಿದ್ದಳು. ಮನೆಯ ಕೊಡ ಒಯ್ಯಲು ಬಂದ ಗಾರೆಯವನ ಮಗಳು ನೋಡಿದಳು. ಅವಳು ಕೂಗಿದ ಕೂಗಿಗೆ ಇಪ್ಪತ್ತಾರು ಮನೆಯವರೂ ಹೊರಗೆ ಬಂದರು.

ಎಲ್ಲರಿಗಿಂತ ಮೊದಲು ಓಡಿಬಂದವಳು ಗಿರಣಿಯವನ ಹೆಂಡತಿ. ಬಂದವಳೇ ಶುರುಮಾಡಿದಳು.

"ಬಾಯಿ ಸತ್ತುಹೋಗಿತ್ತೇನೇ ನಿನಗೆ? ಒಂದು ಕೂಗು ಹಾಕಬಾರದಿತ್ತೇ?"

"ಯಾರನ್ನಂತ ಕೂಗಲಿ? ಇಲ್ಲಿ ಯಾರಿದ್ದರು?" ಎಂದಳು ಹೂವಿನವಳು.

ಗಿರಣಿಯವನ ಹೆಂಡತಿಗೆ ಅಳು ಬಂತು. ಅಳುತ್ತಲೇ ಇನ್ನಷ್ಟು ಬೈದಳು. ಬೈಯುತ್ತಲೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಕೈಗೆ ಪಟ್ಟಿ ಬಿತ್ತು, ಎರಡು ತಿಂಗಳು ಹೂ ಕಟ್ಟುವ ಹಾಗಿಲ್ಲ ಎಂದರು. ಸಂಜೆ ಐದು ಮಕ್ಕಳೂ ಅವಳ ಮನೆಗೆ ಹೋದವು. ಗಾರೆಯವನ ಮಗಳಿಗೆ ತಲೆ ಎತ್ತಲು ನಾಚಿಕೆ. ಉಳಿದವರು ಆಗಲೇ ಹೊಸ ನಕ್ಷೆ ತಂದಿದ್ದರು. ಒಬ್ಬ ಸೊಂಟದ ಎತ್ತರಕ್ಕೆ ಇನ್ನೊಂದು ಕಟ್ಟೆ ಕಟ್ಟೋಣ ಎಂದ. ಇನ್ನೊಬ್ಬಳು ಕೊಡ ತಳ್ಳಲು ಚಕ್ರದ ಗಾಡಿ ಬರೆದಿದ್ದಳು. ಗಾಡಿ ಚೆನ್ನಾಗಿಯೇ ಇತ್ತಂತೆ. ಹೂವಿನವಳು ಎರಡನ್ನೂ ನೋಡಿದಳು, ಇಷ್ಟು ವರ್ಷ ತನಗೆ ಕೊಡ ಎತ್ತಿಕೊಡುತ್ತಿದ್ದವಳು ಯಾರೆಂದು ಹೇಳಿದಳು.

"ಇನ್ನೇನೂ ಕಟ್ಟಬೇಡಿ ಮಕ್ಕಳೇ. ಆ ಪೈಪೊಂದು ಬಿಚ್ಚಿಬಿಡಿ," ಎಂದಳು.

ಮಕ್ಕಳಲ್ಲೇ ಎರಡು ಪಕ್ಷವಾಯಿತು. ಬಹುಮಾನ ಬಂದ ಕೆಲಸವನ್ನು ನಾವೇ ಕೆಡಿಸುವುದೇ ಎಂದರು ನಾಲ್ವರು. ಗಾರೆಯವನ ಮಗಳು ವಾದ ಮಾಡಲಿಲ್ಲ. ಮೊದಲು ಗಿರಣಿಗೆ ಹೋಗಿ, ಅಷ್ಟು ಬೈಯುವವರು ಕೊಡ ಏಕೆ ಎತ್ತಿಕೊಡುತ್ತಿದ್ದಿರಿ ಎಂದು ಕೇಳಿದಳು. ಇವಳು ಏನು ಕೇಳುತ್ತಿದ್ದಾಳೆಂದೇ ಆ ಹೆಂಗಸಿಗೆ ತಿಳಿಯಲಿಲ್ಲ. ಎತ್ತಿಕೊಡದೆ ಮತ್ತೇನು ಮಾಡುತ್ತಾರೆ ಎಂದು ಅವಳೇ ತಿರುಗಿ ಕೇಳಿದಳು. ಹುಡುಗಿ ಅಲ್ಲಿಂದ ನೇರ ನಲ್ಲಿಗೆ ಬಂದು ಪೈಪು ಬಿಚ್ಚಿ ಸುತ್ತಿಟ್ಟಳು. ಶಿಬಿರದ ಮೇಷ್ಟರಿಗೆ ಸುದ್ದಿ ಮುಟ್ಟಿ, ಅವರು ಬೇಸರಪಟ್ಟು ಬಂದರು. ಹುಡುಗಿ ತಾನು ನೋಡಿದ್ದನ್ನು, ನೋಡದೆ ಬಿಟ್ಟದ್ದನ್ನು ಹೇಳಿದಳು. ಮೇಷ್ಟರು ಬಹಳ ಹೊತ್ತು ಆ ಜಗಲಿಯ ಮೇಲೆಯೇ ಕೂತಿದ್ದು ಹೋದರು.

ಮರುಸರದಿಯಲ್ಲಿ ಎಲ್ಲರೂ ತಮ್ಮ ತಮ್ಮ ಕೊಡ ಹಿಡಿದು ನಲ್ಲಿಯ ಮುಂದೆ ನಿಂತರು. ಏಳು ಗಂಟೆಯೊಳಗೆ ಆರು ಜಗಳವಾಯಿತು. ಹೂವಿನವಳ ಮೂರು ಕೊಡ ಗಿರಣಿಯವನ ಹೆಂಡತಿಯೇ ಒಂದೊಂದಾಗಿ ಅವಳ ಮನೆಗೆ ಹೊತ್ತು ಹಾಕಿದಳು. ಹೋಗುವಾಗಲೂ ಬರುವಾಗಲೂ ಅವಳ ಬಾಯಿ ಮುಚ್ಚಿರಲಿಲ್ಲ. ಒಳಗಿಂದ ಹೂವಿನವಳೂ ಬಿಟ್ಟುಕೊಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮೊರದಲ್ಲಿದ್ದ ಕಾಳನ್ನು ಕೇರಿ ಪಾತ್ರೆಗೆ ಸುರಿದರು.

ಚನ್ನವೀರ ಸ್ವಲ್ಪ ಹೊತ್ತು ಕಾಯಿ ಸುಲಿದ. ಅವನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಜಗಳವಾಡುವುದೇ ಒಳ್ಳೆಯದು ಎನ್ನುತ್ತೀರಾ ಬುದ್ಧಿ ಎಂದು ಕೇಳಿದ. ಹಾಗೆಂದರೆ ನನ್ನ ನಾಲಿಗೆ ಬಿದ್ದುಹೋಗಲಿ, ಇಬ್ಬರ ಗಲಾಟೆಗೆ ನನಗೂ ಕಿವಿ ಮುಚ್ಚಿಕೊಂಡು ಸಾಕಾಗಿದೆ ಎಂದರು ಗುರುಗಳು. ಆಮೇಲೆ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

"ನಾಳೆ ಆ ಒಲೆಯ ಮುಂದೆ ನೀನು ತಲೆ ತಿರುಗಿ ಬಿದ್ದರೆ, ಬೈಯುತ್ತಾ ಓಡಿಬರುವವನು ಯಾರು?"

ಚನ್ನವೀರ ಕಾಳಿನ ಪಾತ್ರೆ ಎತ್ತಿಕೊಂಡು ರುದ್ರಯ್ಯನಿದ್ದ ಅಡುಗೆಮನೆಗೆ ನಡೆದ.