ಗೊದಮೊಟ್ಟೆ ಎಂದರೇನು?

ಕಪ್ಪೆಗಳ ಸಂಶೋಧಕಿ ಮಂದಾಕಿನಿಯ ಮೇಜಿನ ಮೇಲೆ ಹಳೆಯ ಭೂತಗನ್ನಡಿಯೊಂದೂ ಹೊಸ ಕಂಪ್ಯೂಟರೊಂದೂ ಇದ್ದವು. ಒಂದು ಕೆರೆಯ ನಾಲ್ಕು ಸಾವಿರ ಫೋಟೋಗಳಲ್ಲಿ ಎಷ್ಟು ಗೊದಮೊಟ್ಟೆಗಳಿವೆ ಎಂದು ಅವಳು ಸೋಮವಾರದೊಳಗೆ ಹೇಳಬೇಕಿತ್ತು. ಇಲ್ಲದಿದ್ದರೆ ಅಲ್ಲಿ ಉಳಿಸುವಷ್ಟು ಕಪ್ಪೆಗಳೇ ಇಲ್ಲವೆಂದು ನಗರಸಭೆಯವರು ಕೆರೆಯನ್ನು ಮುಚ್ಚಿಬಿಡುತ್ತಿದ್ದರು. ಭೂತಗನ್ನಡಿ ಹಿಡಿದು ಎಣಿಸುತ್ತ ಕೂರುವಷ್ಟು ಸಮಯವಿರಲಿಲ್ಲ. ಹಾಗಾಗಿ ಅವಳು ಪ್ರೋಗ್ರಾಮಿಂಗ್ ಕಲಿಯತೊಡಗಿದಳು.

ಎರಡು ದಿನ ಕಂಪ್ಯೂಟರ್ "ತಪ್ಪು" ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಮೂರನೆಯ ದಿನ, ಬಾಲವಿರುವುದನ್ನೆಲ್ಲ ಎಣಿಸು ಎಂದು ಅವಳು ಬರೆದದ್ದು ಅದಕ್ಕೆ ಒಪ್ಪಿಗೆಯಾಯಿತು. ಚಿಟಿಕೆ ಹೊಡೆಯುವಷ್ಟರಲ್ಲಿ "ಒಂಬತ್ತು ಸಾವಿರ" ಎಂದಿತು.

ಭೂತಗನ್ನಡಿ ಗಹಗಹಿಸಿ ನಕ್ಕಿತು. "ಅಯ್ಯಾ ಬುದ್ಧಿವಂತ, ಮೀನುಗಳನ್ನೂ ಸೇರಿಸಿದ್ದೀಯೆ. ದಂಡೆಯ ಮೇಲೆ ಮಲಗಿದ ನಾಯಿಯನ್ನೂ ಬಿಟ್ಟಿಲ್ಲ!"

"ನಾಯಿಗೆ ಬಾಲವಿದೆ," ಎಂದಿತು ಕಂಪ್ಯೂಟರ್. "ಗೊದಮೊಟ್ಟೆ ಎಂದರೇನೆಂದು ನನಗೆ ಯಾರು ಹೇಳಿದ್ದಾರೆ? ನೀನೇ ಹೇಳು."

"ಅದು... ನೋಡಿದರೆ ಗೊತ್ತಾಗುತ್ತದೆ."

"ನನಗೆ ಗೊತ್ತಾಗುವುದಿಲ್ಲ."

ಮಂದಾಕಿನಿ ನಾಚಿದಳು. ಹನ್ನೊಂದು ವರ್ಷದಿಂದ ಗೊದಮೊಟ್ಟೆಗಳನ್ನು ನೋಡುತ್ತಿದ್ದ ಅವಳ ಬಾಯಲ್ಲೂ ಅದೇ ಉತ್ತರವಿತ್ತು. ಅವಳು ಭೂತಗನ್ನಡಿ ಹಿಡಿದು ಒಂದು ಫೋಟೋವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ತಲೆ ದುಂಡಗಿದೆ, ಪಕ್ಕದಲ್ಲಿ ಈಜುರೆಕ್ಕೆ ಇಲ್ಲ, ಮೈಮೇಲೆ ಹುರುಪೆಯೂ ಇಲ್ಲ, ಕೂದಲೂ ಇಲ್ಲ ಎಂದು ಒಂದೊಂದಾಗಿ ಬರೆದಳು.

ಈ ಸಲ ಕಂಪ್ಯೂಟರ್ ಕೊಟ್ಟ ಲೆಕ್ಕ ಸರಿಯಾಗಿತ್ತು. ಕೆರೆ ಉಳಿಯಿತು.

"ಅದೆಲ್ಲ ನನಗೆ ಮೊದಲೇ ಗೊತ್ತಿತ್ತು," ಎಂದು ಭೂತಗನ್ನಡಿ ಗೊಣಗಿತು.

"ಗೊತ್ತಿದ್ದರೆ ಹೇಳಬೇಕಿತ್ತು," ಎಂದಿತು ಕಂಪ್ಯೂಟರ್.