ಮಠದ ಜೀಪಿನ ಚಿಕ್ಕ ಗೇರು

ಹೊಳೆಯೊಂದು ಬೆಟ್ಟವನ್ನು ಬಿಟ್ಟು ಬಯಲಿಗೆ ಇಳಿಯುವ ಕಡೆ ಮುದ್ದುವೀರ ಸ್ವಾಮಿಗಳ ಮಠವಿತ್ತು. ಮಠವೆಂದರೆ ಎರಡು ಕೋಣೆ, ಒಂದು ಜಗಲಿ, ಒಂದು ಹಳೆಯ ಜೀಪು.

ಹೊಳೆಯ ಈಚೆಗೆ ಪೇಟೆಗೆ ಹೋಗುವ ಟಾರು ರಸ್ತೆ. ಆಚೆಗೆ ಕಡಿದಾದ ಮಣ್ಣುದಾರಿ, ಅದರ ತುದಿಯಲ್ಲಿ ಕಾಡಿನವರ ಹಾಡಿ. ಹಾಡಿಯಲ್ಲಿ ಯಾರದಾದರೂ ಜೀವಕ್ಕೆ ಕುತ್ತು ಬಂದರೆ ಸ್ವಾಮಿಗಳೇ ಜೀಪು ನಡೆಸಿಕೊಂಡು ಹೋಗಿ ಅವರನ್ನು ಆಸ್ಪತ್ರೆಗೆ ಮುಟ್ಟಿಸುತ್ತಿದ್ದರು.

ವಯಸ್ಸಾಯಿತು. ಕಣ್ಣು ಮಂಜಾಗುತ್ತ ಬಂತು. ಒಂದು ದಿನ ಶಿಷ್ಯ ಶಾಂತಮಲ್ಲನನ್ನು ಕರೆದು, “ಇನ್ನು ಮೇಲೆ ಜೀಪು ನಿನ್ನದು,” ಎಂದರು.

“ನಾನು ಶಾಸ್ತ್ರ ಓದಲು ಬಂದವನು, ಬುದ್ಧಿ.”

“ಓದುವೆಯಂತೆ. ಮೊದಲು ಹೊಳೆ ದಾಟುವುದನ್ನು ಕಲಿ.”

ಇಬ್ಬರೂ ಹೊರಟರು. ನೀರು ಇನ್ನೂ ಮುಂದಿರುವಾಗಲೇ, ಒಣಗಿದ ದಂಡೆಯ ಮೇಲೆ, ಸ್ವಾಮಿಗಳು ಜೀಪು ನಿಲ್ಲಿಸಿದರು. ಕೆಳಗಿಳಿದು, ಬಗ್ಗಿ, ಮುಂದಿನ ಒಂದೊಂದು ಚಕ್ರದ ನಡುಮಧ್ಯದಲ್ಲಿದ್ದ ಬಿಲ್ಲೆಯನ್ನೂ ಕೈಯಿಂದ ತಿರುಗಿಸಿ ಬಿಗಿ ಮಾಡಿದರು. ಮತ್ತೆ ಹತ್ತಿ ಕೂತು, ದೊಡ್ಡ ಗೇರಿನ ಪಕ್ಕದಲ್ಲಿದ್ದ ಚಿಕ್ಕ ಗೇರನ್ನು ಎಳೆದರು.

“ಇಷ್ಟು ಹೊತ್ತು ಹಿಂದಿನ ಚಕ್ರಗಳು ಮಾತ್ರ ತಳ್ಳುತ್ತಿದ್ದವು. ಈಗ ಮುಂದಿನವೂ ಎಳೆಯುತ್ತವೆ. ಇದಕ್ಕೆ ಫೋರ್ ವೀಲ್ ಹಾಕುವುದು ಅನ್ನುತ್ತಾರೆ.”

“ಇಲ್ಲೇ ಯಾಕೆ ಹಾಕಬೇಕು, ಬುದ್ಧಿ? ಸಿಕ್ಕಿಕೊಂಡಾಗ ಹಾಕಿದರಾಯಿತಲ್ಲ.”

“ಸಿಕ್ಕಿಕೊಂಡಾಗ ಬಿಲ್ಲೆ ನೀರಿನೊಳಗಿರುತ್ತದೆ,” ಎಂದರು ಸ್ವಾಮಿಗಳು.

ಹೊಳೆ ದಾಟಿದರು, ದಾರಿ ಹತ್ತಿದರು, ಹಾಡಿಯನ್ನು ಮುಟ್ಟಿ ಹಿಂದಿರುಗಿದರು. ಟಾರು ರಸ್ತೆಯ ಅಂಚಿಗೆ ಬಂದಾಗ ಸ್ವಾಮಿಗಳು ಮತ್ತೆ ನಿಲ್ಲಿಸಿದರು. ಚಿಕ್ಕ ಗೇರನ್ನು ಮೊದಲಿದ್ದ ಜಾಗಕ್ಕೆ ತಳ್ಳಿದರು. ಮತ್ತೆ ಇಳಿದು ಬಿಲ್ಲೆಗಳನ್ನು ಸಡಿಲಿಸಿದರು.

“ತೆಗೆಯುವುದು ಯಾಕೆ? ಎರಡಕ್ಕಿಂತ ನಾಲ್ಕು ಒಳ್ಳೆಯದಲ್ಲವೇ?” ಎಂದ ಶಾಂತಮಲ್ಲ.

ಸ್ವಾಮಿಗಳು ಅವನನ್ನು ಹೊಳೆಯ ದಂಡೆಗೆ ಕರೆದರು. ಹೆಗಲ ಮೇಲಿನ ವಸ್ತ್ರ ತೆಗೆದು ತಮ್ಮ ಕೈಯನ್ನೂ ಅವನ ಕೈಯನ್ನೂ ಸೇರಿಸಿ ಕಟ್ಟಿದರು.

“ನನ್ನ ಹೆಜ್ಜೆಯಷ್ಟೇ ಹೆಜ್ಜೆ ಹಾಕಬೇಕು. ಹೆಚ್ಚಿಲ್ಲ, ಕಡಿಮೆಯಿಲ್ಲ.”

ಹೊಳೆಯ ಮರಳಿನಲ್ಲಿ ಒಂದು ಸುತ್ತು ಹಾಕಿದರು. ಸ್ವಾಮಿಗಳು ಒಳಗಡೆ, ಶಾಂತಮಲ್ಲ ಹೊರಗಡೆ. ತಿರುಗುವಾಗ ಅವನ ಕಾಲು ಅಷ್ಟಿಷ್ಟು ಜಾರಿತು. ನೋವೇನೂ ಆಗಲಿಲ್ಲ.

ಆಮೇಲೆ ಮಠದ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಅದೇ ಸುತ್ತು. ಕಲ್ಲಿನ ಮೇಲೆ ಕಾಲು ಜಾರಲಿಲ್ಲ. ಹೊರಗಿದ್ದವನಿಗೆ ದಾರಿ ಉದ್ದ, ಒಳಗಿದ್ದವರಿಗೆ ಗಿಡ್ಡ. ವಸ್ತ್ರ ಬಿಗಿಯುತ್ತ ಬಂದು ಮಣಿಕಟ್ಟನ್ನು ಕಚ್ಚಿತು.

“ಬಿಚ್ಚು,” ಎಂದರು ಸ್ವಾಮಿಗಳು.

ಎಷ್ಟು ಎಳೆದರೂ ಗಂಟು ಬಿಚ್ಚಲಿಲ್ಲ. ಸ್ವಾಮಿಗಳು ಅವನನ್ನು ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ನಡೆಸಿದರು. ಬಟ್ಟೆ ಸಡಿಲವಾಯಿತು. ಗಂಟು ತಾನಾಗಿ ಬಿಟ್ಟಿತು.

“ತಿರುವಿನಲ್ಲಿ ಮುಂದಿನ ಚಕ್ರಗಳಿಗೆ ದಾರಿ ಉದ್ದ, ಹಿಂದಿನವಕ್ಕೆ ಗಿಡ್ಡ. ಟಾರಿನ ಮೇಲೆ ಚಿಕ್ಕ ಗೇರು ಕಚ್ಚಿಕೊಂಡರೂ ಇಷ್ಟೇ ಮಾಡಬೇಕು. ಒದೆಯಬಾರದು,” ಎಂದು ಹೇಳಿ ಒಳಗೆ ಹೋದರು.

ಶಾಂತಮಲ್ಲ ಚೆನ್ನಾಗಿಯೇ ಕಲಿತ. ಒಂದು ಮಳೆಗಾಲವಿಡೀ ಹೊಳೆ ದಾಟಿದ. ಹಾಡಿಯ ಜನ ಅವನನ್ನು ಕಂಡರೆ ಎದ್ದು ನಿಲ್ಲತೊಡಗಿದರು. ಪೇಟೆಯ ಭಕ್ತರು, ಮುಂದೆ ಮಠ ನಡೆಸುವವರು ಇವರೇ ಅಂತೆ ಎಂದು ಮಾತಾಡಿಕೊಂಡರು. ಆ ಮಾತು ಅವನ ಕಿವಿಗೂ ಬಿತ್ತು.

ಅವನು ಬಿಳಿಯ ಮಡಿ ಉಡಲು ಶುರುಮಾಡಿದ. ಬಿಳಿ ಬಟ್ಟೆಯಲ್ಲಿ ರಸ್ತೆಯ ಅಂಚಿಗೆ ಇಳಿದು, ಎಲ್ಲರೂ ನೋಡುತ್ತಿರುವಾಗ ಚಕ್ರದ ಮುಂದೆ ಬಗ್ಗುವುದು ಅವನಿಗೆ ಸರಿಬರಲಿಲ್ಲ. ನಾಲ್ಕು ಚಕ್ರಗಳೂ ನೆಲವನ್ನು ಕಚ್ಚಿ ಎಳೆಯುವುದು ಮೈಗೆ ಹಿತವಾಗಿಯೂ ಇತ್ತು. ಹಾಕಿದ ಫೋರ್ ವೀಲನ್ನು ತೆಗೆಯದೆ ಟಾರಿನ ಮೇಲೆ ಓಡಿಸತೊಡಗಿದ.

ಜಗಲಿಯಲ್ಲಿ ಕೂತಿದ್ದ ಸ್ವಾಮಿಗಳು ಜೀಪು ತಿರುವಿನಲ್ಲಿ ಬರುವಾಗಲೇ ತಲೆಯೆತ್ತುತ್ತಿದ್ದರು.

“ಮರಿ, ಫೋರ್ ವೀಲ್ ತೆಗೆದಿದ್ದೀಯಾ?”

“ತೆಗೆದಿದ್ದೇನೆ, ಬುದ್ಧಿ.”

“ಏನೋ ನರಳಿದ ಹಾಗೆ ಕೇಳಿಸಿತು.”

“ಹಳೆಯ ಗಾಡಿಯಲ್ಲವೇ.”

ಸ್ವಾಮಿಗಳು ಮತ್ತೇನೂ ಕೇಳಲಿಲ್ಲ.

ಆ ಬೇಸಿಗೆಯಲ್ಲಿ, ಪೇಟೆಯ ತಿರುವೊಂದರಲ್ಲಿ, ಜೀಪು ಬಿಗಿದುಕೊಂಡು ನಿಂತಿತು. ಶಾಂತಮಲ್ಲ ಚಿಕ್ಕ ಗೇರನ್ನು ತಳ್ಳಿದ. ಅದು ಅಲುಗಲಿಲ್ಲ. ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಒಂದಿಷ್ಟು ಹಿಂದಕ್ಕೆ ಹೋಗಬೇಕು.

ಹಿಂದೆ ಒಬ್ಬ ದೊಡ್ಡ ಭಕ್ತರ ಕಾರು ನಿಂತಿತ್ತು. ಹಿಂದಕ್ಕೆ ಹೋಗಬೇಕಾದರೆ ಇಳಿದು, ಅವರ ಹತ್ತಿರ ಹೋಗಿ, ಸ್ವಲ್ಪ ಸರಿದುಕೊಳ್ಳಿ ಎಂದು ಕೇಳಬೇಕು. ಆಗಲೇ ಅವರು ಗಾಜು ಇಳಿಸಿ ಇವನ ಕಡೆ ನೋಡುತ್ತಿದ್ದರು.

ಶಾಂತಮಲ್ಲ ಹಿಮ್ಮಡಿಯಿಂದ ಗೇರನ್ನು ಒದ್ದ.

ಒಳಗೆ ಏನೋ ಕಟಕ್ಕೆಂದಿತು. ಜೀಪು ಹಗುರವಾಗಿ ಮುಂದೆ ಸಾಗಿತು. ಚಿಕ್ಕ ಗೇರು ಆಮೇಲೆ ಎತ್ತ ತಳ್ಳಿದರೆ ಅತ್ತ ಬೀಳುತ್ತಿತ್ತು. ಮುಂದಿನ ಚಕ್ರಗಳಿಗೂ ಅದಕ್ಕೂ ಸಂಬಂಧವೇ ಉಳಿದಿರಲಿಲ್ಲ.

ಸಂಜೆ ಹೇಳೋಣ ಎಂದುಕೊಂಡ. ಸಂಜೆ ಜನವಿದ್ದರು. ನಾಳೆ ಎಂದುಕೊಂಡ. ನಾಳೆ ಹೇಳಿದರೆ ನಿನ್ನೆಯೇ ಯಾಕೆ ಹೇಳಲಿಲ್ಲ ಎಂದಾರು ಅನ್ನಿಸಿತು. ಹೊಳೆಯಲ್ಲಿ ನೀರಿರಲಿಲ್ಲ, ದಾರಿ ಒಣಗಿತ್ತು. ಹಿಂದಿನ ಚಕ್ರಗಳೇ ಸಾಕಾಗಿದ್ದವು. ಹೇಳದೆಯೂ ದಿನ ಕಳೆಯಿತು.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಹಾಡಿಯಿಂದ ಬೇದಮ್ಮ ಓಡಿ ಬಂದಳು. ಸೊಂಟದವರೆಗೆ ನೆನೆದಿದ್ದಳು.

“ನಮ್ಮೆಜಮಾನ್ರು ಜೇನಿನ ಮರದಿಂದ ಬಿದ್ಬುಟ್ರು, ಬುದ್ಧಿ. ಉಸ್ರು ಇನ್ನೂ ಅದೆ. ಬಾಯಲ್ಲಿ ರಕ್ತ ಬತ್ತಾ ಅದೆ.”

ಅವಳ ಗಂಡ ಜಡೆಯ. ಸ್ವಾಮಿಗಳಿಗೆ ಅವನನ್ನು ಹುಡುಗನಾಗಿದ್ದಾಗಿನಿಂದ ಗೊತ್ತು. ಕೋಲನ್ನೂ ತೆಗೆದುಕೊಳ್ಳದೆ ಎದ್ದರು.

“ನಡಿ, ಮರಿ. ನಾನೂ ಬರುತ್ತೇನೆ.”

ರಸ್ತೆಯ ಮೇಲೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅರಣ್ಯ ಕಾವಲಿನವರ ಮನೆಯಿತ್ತು. ಅವರ ಹತ್ತಿರವೂ ಒಂದು ಜೀಪಿತ್ತು. ಕೇಳಿದರೆ ಇಲ್ಲವೆನ್ನುವವರಲ್ಲ. ಶಾಂತಮಲ್ಲ ಬಾಯಿ ತೆರೆದ. ಬೇದಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡ.

ದಂಡೆಯಲ್ಲಿ ಜೀಪು ನಿಲ್ಲಿಸಿದ. ಇಳಿದು ಬಿಲ್ಲೆಗಳನ್ನು ತಿರುಗಿಸಿದ. ಹತ್ತಿ ಕೂತು ಚಿಕ್ಕ ಗೇರನ್ನು ಎಳೆದ. ಎಲ್ಲವನ್ನೂ ಕಲಿತ ಹಾಗೆಯೇ ಮಾಡಿದ.

ಹೊಳೆಯನ್ನು ಹೇಗೋ ದಾಟಿದರು. ದಾರಿ ಕಡಿದಾಗುತ್ತಿದ್ದಂತೆ ಹಿಂದಿನ ಚಕ್ರಗಳು ಇದ್ದಲ್ಲೇ ಸುತ್ತಿದವು. ಕೆಸರು ಎರಚಿತು. ಅವನು ಇನ್ನಷ್ಟು ಒತ್ತಿದ. ಜೀಪು ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಹೊಟ್ಟೆಯವರೆಗೆ ಹೂತು ಕೂತಿತು.

ಸ್ವಾಮಿಗಳು ಕೈ ಚಾಚಿ ಚಿಕ್ಕ ಗೇರನ್ನು ಮುಟ್ಟಿದರು. ಅದು ಅವರ ಬೆರಳಿಗೆ ಸತ್ತ ಹಾವಿನಂತೆ ವಾಲಿತು.

“ಯಾವಾಗ?” ಎಂದು ಕೇಳಿದರು.

ಹಿಂದಿನ ಸೀಟಿನಲ್ಲಿ ಬೇದಮ್ಮ ಕೂತಿದ್ದಳು.

“ಈಗ, ಬುದ್ಧಿ. ಈಗತಾನೆ ಮುರಿಯಿತು.”

ಸ್ವಾಮಿಗಳು ಕೈ ತೆಗೆದರು.

ಹಾಡಿಯವರು ಜಡೆಯನನ್ನು ಕಂಬಳಿಯಲ್ಲಿ ಮಲಗಿಸಿ ಹೊತ್ತು ತಂದರು. ಮಳೆಯಲ್ಲಿ ಜಾರುತ್ತ, ಏಳುತ್ತ ಇಳಿದರು. ಹೂತ ಜೀಪಿನ ಪಕ್ಕದಲ್ಲೇ ಹಾದು ಹೋದರು. ಹೊಳೆಯೊಳಗೆ ಕಂಬಳಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದರು. ಶಾಂತಮಲ್ಲನೂ ಒಂದು ಮೂಲೆ ಹಿಡಿದಿದ್ದ.

ಈಚೆ ದಂಡೆಗೆ ತಂದು ಇಳಿಸಿದಾಗ ಜಡೆಯ ಉಸಿರಾಡುತ್ತಿರಲಿಲ್ಲ.

ಬೇದಮ್ಮ ಬಹಳ ಹೊತ್ತು ಅವನ ಮುಖದ ಮೇಲಿನ ಮಳೆನೀರನ್ನು ಒರೆಸುತ್ತಿದ್ದಳು. ಒರೆಸಿದಂತೆ ಮತ್ತೆ ಬೀಳುತ್ತಿತ್ತು. ಕೊನೆಗೆ ಎದ್ದು ಬಂದು ಶಾಂತಮಲ್ಲನ ಕಾಲಿಗೆ ಬಿದ್ದಳು.

“ನೀವಾದ್ರೂ ಬಂದ್ರಿ, ಬುದ್ಧಿ. ನಮ್ ಹಣೇಲಿ ಬರ್ದಿರ್ನಿಲ್ಲ, ಅಷ್ಟೇಯ.”

ಗುರುಗಳನ್ನು ಕರೆಯುವಂತೆ ಅವನನ್ನು ಯಾರೂ ಅದುವರೆಗೆ ಬುದ್ಧಿ ಎಂದು ಕರೆದಿರಲಿಲ್ಲ. ಸ್ವಾಮಿಗಳು ಅಲ್ಲೇ ನಿಂತು ಕೇಳಿಸಿಕೊಂಡರು.

ಅಂದಿನಿಂದ ಶಾಂತಮಲ್ಲನಿಗೆ ತುತ್ತು ಇಳಿಯಲಿಲ್ಲ. ಪೂಜೆಗೆ ಕೂತರೆ ಕಾಲಿನ ಮೇಲೆ ಅವಳ ಒದ್ದೆ ಕೈ ಇದ್ದಂತಾಗುತ್ತಿತ್ತು. ಕಡೆಗೆ ಗುರುಗಳ ಮುಂದೆ ಹೋಗಿ ಕೂತ.

“ಅದು ಬೇಸಿಗೆಯಲ್ಲೇ ಮುರಿದಿತ್ತು, ಬುದ್ಧಿ. ನಾನೇ ಒದ್ದು ಮುರಿದೆ.”

“ಗೊತ್ತು.”

“ಪ್ರಾಯಶ್ಚಿತ್ತ ಏನು, ಹೇಳಿ.”

“ಬೇದಮ್ಮನ ಹತ್ತಿರ ಹೋಗಿ ಹೇಳಿ ಬಾ.”

“ಅದೊಂದು ಬೇಡ. ಹೇಳಿದರೆ ಸತ್ತವನು ಎದ್ದು ಬರುತ್ತಾನೆಯೇ? ಅವಳ ಸಂಕಟ ಇನ್ನೂ ಹೆಚ್ಚುತ್ತದೆ. ಉಪವಾಸ ಮಾಡುತ್ತೇನೆ. ವರ್ಷವಿಡೀ ಮೌನ ಹಿಡಿಯುತ್ತೇನೆ.”

“ಮೌನ ಹಿಡಿದೇ ಇದ್ದೀಯಲ್ಲ,” ಎಂದರು ಸ್ವಾಮಿಗಳು.



ಸ್ವಾಮಿಗಳು ಕೋಲು ತೆಗೆದುಕೊಂಡು ಮೆಟ್ಟಿಲಿಳಿದರು. ಶಾಂತಮಲ್ಲ ಗಾಬರಿಯಿಂದ ಹಿಂದೆ ಹೋದ.

“ಎಲ್ಲಿಗೆ, ಬುದ್ಧಿ?”

“ಹಾಡಿಗೆ. ಗಾಡಿ ನರಳುವುದು ನನಗೆ ಕೇಳಿಸುತ್ತಿತ್ತು. ನೀನು ಸುಳ್ಳು ಹೇಳುವುದೂ ಕೇಳಿಸುತ್ತಿತ್ತು. ಒಂದು ಸಲ ಎದ್ದು ಬಂದು ಆ ಗೇರನ್ನು ಮುಟ್ಟಿ ನೋಡಿದ್ದರೆ ಆಗುತ್ತಿತ್ತು. ನಿನಗೆ ನಾಚಿಕೆಯಾದೀತೆಂದು ಸುಮ್ಮನಿದ್ದೆ. ಶಿಷ್ಯನ ಮೇಲಿನ ಮೋಹ.”

“ಹೊಳೆ ತುಂಬಿದೆ. ನಿಮಗೆ ಕಣ್ಣು ಕಾಣುವುದಿಲ್ಲ.”

“ಹಾಗಾದರೆ ಕೈ ಹಿಡಿದು ಕರೆದುಕೊಂಡು ಹೋಗು.”

ಶಾಂತಮಲ್ಲ ದಂಡೆಯವರೆಗೆ ಕೈ ಹಿಡಿದುಕೊಂಡು ನಡೆದ. ನೀರು ಪಾದಕ್ಕೆ ತಾಗಿದಾಗ ಅವನ ಕಾಲುಗಳು ನಿಂತುಬಿಟ್ಟವು. ಆಚೆ, ಮರಗಳ ನಡುವೆ, ಹಾಡಿಯ ಹೊಗೆ ಕಾಣುತ್ತಿತ್ತು.

ಸ್ವಾಮಿಗಳು ಒಂದು ಕ್ಷಣ ಕಾದರು. ಆಮೇಲೆ ಮೆಲ್ಲನೆ ತಮ್ಮ ಕೈ ಬಿಡಿಸಿಕೊಂಡು, ಕೋಲಿನಿಂದ ಕಲ್ಲು ತಡಕುತ್ತ, ಒಬ್ಬರೇ ನೀರಿಗಿಳಿದರು.

ಅವನು ಅಲ್ಲೇ ಕೂತ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಎದ್ದು ಹೋಗಬೇಕೆಂದು ಎಷ್ಟೋ ಸಲ ಅನ್ನಿಸಿತು. ಹೋಗಲಿಲ್ಲ.

ಬೆಟ್ಟದ ನೆರಳು ಹೊಳೆಯ ಮೇಲೆ ಬಿದ್ದಾಗ ಸ್ವಾಮಿಗಳು ಹಿಂದಿರುಗಿದರು. ಒಂದು ಮೊಣಕಾಲು ತರಚಿತ್ತು. ಅವನು ಓಡಿ ಹೋಗಿ ಹಿಡಿದುಕೊಂಡು ಮರಳಿನ ಮೇಲೆ ಕೂರಿಸಿದ.

“ಏನೆಂದಳು, ಬುದ್ಧಿ?”

“ನೀವಿನ್ನು ನಮ್ಮ ಹಾಡಿಗೆ ಬರಬೇಡಿ ಎಂದಳು.”

 ಆ ಹಾಡಿಗೆ ಸ್ವಾಮಿಗಳು ಪ್ರಾಯದ ದಿನಗಳಿಂದ ಹೋಗಿಬರುತ್ತಿದ್ದರು.

“ನನ್ನ ಹೆಸರು ಹೇಳಿದಿರಾ?”

“ಇಲ್ಲ. ನನ್ನ ಪಾಲಿನದನ್ನಷ್ಟೇ ಹೇಳಿದೆ.”

“ಮುರಿದವರು ಯಾರೆಂದು ಅವಳು ಕೇಳಲಿಲ್ಲವೇ?”

ಸ್ವಾಮಿಗಳು ಒದ್ದೆಯಾದ ವಸ್ತ್ರವನ್ನು ಹಿಂಡಿ ಹೆಗಲಿಗೆ ಹಾಕಿಕೊಂಡರು.

“ಕೇಳಿದಳು. ಹೇಳುವವನು ಹಿಂದಿನಿಂದ ಬರುತ್ತಿದ್ದಾನೆ ಎಂದೆ. ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಾಳೆ.”