ಅರ್ಧ ತುಂಬಿದ ಟ್ಯಾಂಕು

“ಧವಳಕೋಟೆಯ ಪ್ರಜೆಗಳಿಗೂ ಪರಸ್ಥಳದವರಿಗೂ ಅರಸರ ಅಪ್ಪಣೆ. ಕಣಿವೆಯ ಹಿಮ ತಳ್ಳುವ ಡೀಸೆಲ್ ಯಂತ್ರ ನಿಂತು ಇಂದಿಗೆ ಹನ್ನೊಂದು ದಿನ. ರಾಜಕುಮಾರಿ ಹೇಮಲೇಖೆಯ ಮೂರು ಒಗಟುಗಳನ್ನು ಬಿಡಿಸಿ ಯಂತ್ರವನ್ನು ನಡೆಸಿದವನಿಗೆ ಅರ್ಧ ರಾಜ್ಯ; ಅವಳು ಒಪ್ಪಿದರೆ ಅವಳ ಕೈ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆದಂಡ.”

ಡಂಗುರ ಕೇಳಿದಾಗ ಮಾಯಿಗನು ಪೇಟೆಯ ತಿರುವಿನಲ್ಲಿ ತನ್ನ ಲಾರಿಯ ಗಾಜಿನ ಹಿಮ ಕೆರೆಯುತ್ತಿದ್ದನು. ಬಯಲುಸೀಮೆಯಿಂದ ಉಪ್ಪು ಹೇರಿಕೊಂಡು ಬಂದವನು ದಾರಿ ಮುಚ್ಚಿ ಅಲ್ಲೇ ಸಿಕ್ಕಿಬಿದ್ದಿದ್ದನು. ಅವನ ಲಾರಿ ಮಾತ್ರ ದಿನವೂ ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು. ಕೋಟೆಯಲ್ಲಿ ಅಕ್ಕಿ ತೀರುತ್ತ ಬಂದಿತ್ತು. ಅವನಿಗೆ ಗಂಜಿ ಹಾಕುತ್ತಿದ್ದ ಮುದುಕಿ ಆ ದಿನ ತನ್ನ ಪಾಲನ್ನು ಅವನ ತಟ್ಟೆಗೆ ಸುರಿದು, ತನಗೆ ಹಸಿವಿಲ್ಲವೆಂದು ಸುಳ್ಳು ಹೇಳಿದಳು. ಮಾಯಿಗನು ಕೈತೊಳೆದು ನೇರವಾಗಿ ಅರಮನೆಗೆ ನಡೆದನು.

ಅಲ್ಲಿ ಅವನಿಗಿಂತ ಮೊದಲು ಇಬ್ಬರಿದ್ದರು. ಬಿಲ್ವಪುರದ ಯುವರಾಜ ವಿಕ್ರಾಂತನು ಜರತಾರಿ ಶಾಲು ಹೊದ್ದು ಮುಂದೆ ನಿಂತಿದ್ದನು. ರಾಜಕುಮಾರಿ ಮೊದಲ ಒಗಟು ಹೇಳಿದಳು.

“ಬೇಸಿಗೆಯಲ್ಲಿ ಅವನು ತಿಳಿಯಾಗಿ ಹರಿದು ಎಲ್ಲರ ಕೆಲಸ ಮಾಡುತ್ತಾನೆ. ಚಳಿಗೆ ಮಜ್ಜಿಗೆಯಂತೆ ಕದಡುತ್ತಾನೆ. ಹೊರಗಿನವರು ಯಾರೂ ಮುಟ್ಟದಿದ್ದರೂ, ತನ್ನೊಳಗಿನದನ್ನೇ ತೆಗೆದು ತನ್ನ ದಾರಿಗೆ ಬಾಗಿಲು ಹಾಕಿಕೊಳ್ಳುತ್ತಾನೆ. ಯಾರವನು?”

“ಸರೋವರ” ಎಂದನು ವಿಕ್ರಾಂತ, ಪೂರ್ತಿ ಯೋಚಿಸದೆ.

ಸರೋವರ ಮಂಜುಗಟ್ಟಿದರೂ ಅಡಿಯಲ್ಲಿ ಮೀನುಗಳು ಓಡಾಡುತ್ತವೆ, ಅದರ ದಾರಿ ಮುಚ್ಚುವುದಿಲ್ಲ ಎಂದು ರಾಜಕುಮಾರಿ ತಿಳಿಸಿದಳು. ಕಾವಲಿನವರು ಅವನನ್ನು ಶಾಲಿನ ಸಮೇತ ಕರೆದೊಯ್ದರು.

ಎರಡನೆಯವನು ಅರಮನೆಯ ಯಂತ್ರತಜ್ಞ ಗಜಪಾಲಯ್ಯ, ಓದಿಕೊಂಡವನು. ಮೊದಲ ಒಗಟನ್ನು ಸುಲಭವಾಗಿ ಬಿಡಿಸಿ, ಉತ್ತರವನ್ನು ರಾಜಕುಮಾರಿಗೆ ಮಾತ್ರ ಕೇಳುವಂತೆ ಮೆಲ್ಲಗೆ ಹೇಳಿದನು. ರಾಜಕುಮಾರಿ ಎರಡನೆಯದನ್ನು ಕೇಳಿದಳು.

“ಮನೆ ಖಾಲಿಯಿದ್ದಷ್ಟೂ ಕರೆಯದ ಅತಿಥಿ ಹೆಚ್ಚು ಬರುತ್ತಾನೆ. ಗೋಡೆಯ ಮೇಲೆ ಹುಟ್ಟಿ ನೆಲಕ್ಕೆ ಇಳಿಯುತ್ತಾನೆ. ಯಜಮಾನನ ಕೆಳಗೆ ಮಲಗಿದ್ದು, ಕೊನೆಗೆ ಕಲ್ಲಾಗಿ ಅವನ ಕೊರಳು ಹಿಡಿಯುತ್ತಾನೆ. ಅತಿಥಿ ಯಾರು? ಅವನಿಗೆ ಜಾಗ ಮಾಡಿಕೊಟ್ಟವರು ಯಾರು?”

ಗಜಪಾಲಯ್ಯನ ಮುಖ ಒಮ್ಮೆ ಬೆಳಗಿತು. ಮರುಕ್ಷಣ ಅವನು ಸಿಂಹಾಸನದ ಕಡೆ ನೋಡಿದನು. ಅತಿಥಿ ಇಬ್ಬನಿ, ಕಳಿಸಿದವನು ದೇವರು ಎಂದು ತೊದಲಿದನು. ಅವನನ್ನೂ ಕರೆದೊಯ್ದರು.

ಅವನು ಹೆದರಿದ್ದೇಕೆಂದು ಮಾಯಿಗನಿಗೆ ಅರ್ಥವಾಯಿತು. ಆ ಅರಮನೆಯಲ್ಲೊಂದು ವ್ರತವಿರುವುದನ್ನು ಮುದುಕಿ ಅವನಿಗೆ ಹೇಳಿದ್ದಳು. ಬರಗಾಲವೊಂದರಲ್ಲಿ ಅರಸನ ಅಜ್ಜ, ಹಿಮ ಬೀಳುವ ತಿಂಗಳುಗಳಲ್ಲಿ ಯಾವ ಪಾತ್ರೆಯನ್ನೂ ಅರ್ಧಕ್ಕಿಂತ ಹೆಚ್ಚು ತುಂಬಬಾರದೆಂದು ವಿಧಿಸಿದ್ದನು. ಕೊಡಕ್ಕೂ ಹಾಲಿನ ಬೋಗುಣಿಗೂ ಇದ್ದ ಆ ನಿಯಮವನ್ನು, ಯಂತ್ರ ಬಂದ ಮೇಲೆ ಅದರ ಟ್ಯಾಂಕಿಗೂ ಹಚ್ಚಿದ್ದರು. ಅದನ್ನು ತಪ್ಪೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

“ನೀನು ಯಾರು?” ಎಂದನು ಅರಸ ಧವಳಸೇನ, ಅವನ ಎಣ್ಣೆಜಿಡ್ಡಿನ ಅಂಗಿಯನ್ನು ನೋಡುತ್ತ.

“ಲಾರಿ ಓಡಿಸೋನು, ಬುದ್ಧಿ. ಹೆಸರು ಮಾಯಿಗ.”

ಆಸ್ಥಾನದವರು ನಕ್ಕರು. ಇಲ್ಲಿ ಹಾರನ್ ಬಾರಿಸಿದರೆ ದಾರಿ ಸಿಗುವುದಿಲ್ಲಪ್ಪ ಎಂದು ಒಬ್ಬನು ಹಂಗಿಸಿದನು. ಮಾಯಿಗನು ರಾಜಕುಮಾರಿಯ ಕಡೆ ತಿರುಗಿದನು. ಮೊದಲ ಒಗಟಿನವನು ಡೀಸೆಲ್, ಅದರೊಳಗೆ ಹುಟ್ಟಿನಿಂದಲೇ ಮೇಣವಿರುತ್ತದೆ, ಚಳಿಗೆ ಅದು ಹೆಪ್ಪುಗಟ್ಟಿ ಸೋಸುವ ಜಾಲರಿಯನ್ನು ಮುಚ್ಚುತ್ತದೆ ಎಂದನು. ಎರಡನೆಯದಕ್ಕೆ ಬಂದಾಗ ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದನು. ತಪ್ಪು ಹೇಳಿದರೆ ಹುಣ್ಣಿಮೆಗೆ ತಲೆ ಹೋಗುತ್ತದೆ. ಸರಿ ಹೇಳಿದರೆ ಈಗಲೇ ಹೋಗಬಹುದು. ಮುದುಕಿಯ ಖಾಲಿ ತಟ್ಟೆ ನೆನಪಾಯಿತು.

“ಅತಿಥಿ ನೀರು, ಬುದ್ಧಿ. ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿಯ ತೇವ ತಣ್ಣನೆಯ ತಗಡಿನ ಮೇಲೆ ಬೆವರುತ್ತೆ. ಆ ನೀರು ಡೀಸೆಲ್‌ನ ಅಡಿಗಿಳಿದು, ಕೊಳವೆಯಲ್ಲಿ ಮಂಜುಗಡ್ಡೆ ಆಗುತ್ತೆ. ಅದಕ್ಕೆ ಜಾಗ ಮಾಡಿಕೊಟ್ಟವರು ತಾವು.”

ಕಾವಲಿನವನ ಕೈ ಕತ್ತಿಯ ಹಿಡಿಗೆ ಹೋಯಿತು. ಅರಸನು ಮಗಳ ಕಡೆ ತಿರುಗಿದನು. ಅವಳು ತಲೆ ತಗ್ಗಿಸಲಿಲ್ಲ.

“ನಿನಗೆ ಇದು ಮೊದಲೇ ಗೊತ್ತಿತ್ತು.”

“ಗೊತ್ತಿತ್ತು, ಅಪ್ಪಾಜಿ. ಮೂರು ಸಲ ಹೇಳಿದೆ. ಮೂರು ಸಲವೂ ತಾವು ತಮ್ಮ ಅಜ್ಜನ ಹೆಸರೆತ್ತಿದಿರಿ.”

ಅರಸನು ಕೈಯೆತ್ತಿ ಕಾವಲಿನವನನ್ನು ತಡೆದು, ಮೂರನೆಯದನ್ನು ಕೇಳೆಂದನು.

“ಒಂದು ಮದ್ದು ಇದೆ” ಎಂದಳು ರಾಜಕುಮಾರಿ. “ಗಟ್ಟಿಮುಟ್ಟಾಗಿರುವವನಿಗೆ ಕುಡಿಸಿದರೆ ಅವನು ಮಲಗುವುದೇ ಇಲ್ಲ. ಮಲಗಿದವನಿಗೆ ಕುಡಿಸಿದರೆ ಏಳುವುದೇ ಇಲ್ಲ. ಯಾವುದದು?”

“ಸೀಮೆಎಣ್ಣೆ, ಅಮ್ಮಣ್ಣಿ. ಡೀಸೆಲ್ ತಿಳಿಯಾಗಿರುವಾಗಲೇ, ಚಳಿ ಬರೋ ಮೊದಲೇ, ಹದವಾಗಿ ಬೆರೆಸಬೇಕು. ಮೇಣ ಕಟ್ಟಿದ ಮೇಲೆ ಎಷ್ಟು ಸುರಿದರೂ ಕರಗೋದಿಲ್ಲ. ಆಗ ಮೊದಲು ಬಿಸಿ ಬೇಕು.”

ರಾಜಕುಮಾರಿ ಮೊದಲ ಬಾರಿಗೆ ನಕ್ಕಳು.

ಉತ್ತರ ಹೇಳಿದ್ದಾಯಿತು, ಯಂತ್ರ ನಡೆಯಬೇಕಿತ್ತು. ಆಳುಗಳು ಟ್ಯಾಂಕಿನಡಿ ಬೆಂಕಿ ಹಾಕಲು ಸೌದೆ ತಂದರು. ಮಾಯಿಗನು ಅದನ್ನು ಒದ್ದು ಚೆದುರಿಸಿ, ಊರನ್ನೇ ಸುಡುತ್ತೀರಾ ಎಂದು ಗದರಿದನು. ಯಂತ್ರವನ್ನು ನೂರು ಕುದುರೆಗಳ ಉಸಿರಿನಿಂದ ಬೆಚ್ಚಗಿದ್ದ ಲಾಯಕ್ಕೆ ಎಳೆಸಿದನು. ಎರಡು ದಿನ ಅಲ್ಲೇ ಬಿಟ್ಟು, ಅಡಿಯ ತಿರುಪು ಬಿಚ್ಚಿ ನೀರು ಬಸಿದು, ಹೊಸ ಜಾಲರಿ ಹಾಕಿದನು. ಸೀಮೆಎಣ್ಣೆ ಬೆರೆಸಿದ ಬೆಚ್ಚಗಿನ ಡೀಸೆಲ್ ತರಿಸಿ, ಕೊಡವನ್ನು ಅರಸನ ಕೈಗೇ ಕೊಟ್ಟನು. ಟ್ಯಾಂಕು ಅರ್ಧ ತುಂಬಿದಾಗ ಧವಳಸೇನನು ಒಂದು ಕ್ಷಣ ತಡೆದನು. ಆಮೇಲೆ ಕಂಠದವರೆಗೆ ತುಂಬಿಸಿದನು.

ನಡುಮಧ್ಯಾಹ್ನ ಯಂತ್ರ ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಕೋಟೆಯ ಗೋಡೆ ಅದುರುವಂತೆ ಗರ್ಜಿಸಿತು. ಸಂಜೆಯೊಳಗೆ ಕಣಿವೆ ತೆರೆಯಿತು. ಆಚೆ ಕಾಯುತ್ತಿದ್ದ ಅಕ್ಕಿಯ ಲಾರಿಗಳು ಸಾಲಾಗಿ ಒಳಬಂದವು. ವಿಕ್ರಾಂತನೂ ಗಜಪಾಲಯ್ಯನೂ ತಲೆ ಉಳಿಸಿಕೊಂಡು ಹೊರಬಂದರು. ಮಾಯಿಗನು ಬೇಡಿದ ಮೊದಲ ಬಹುಮಾನ ಅದೇ.

ಅರಸನು ವಾಗ್ದಾನದಂತೆ ಅರ್ಧ ರಾಜ್ಯದ ಪತ್ರ ಹಿಡಿದು ನಿಂತನು. ಮಾಯಿಗನು ಕೈಮುಗಿದನು.

“ಅರ್ಧ ಬೇಡ, ಬುದ್ಧಿ. ಈ ಮನೆಯಲ್ಲಿ ಅರ್ಧದಿಂದಲೇ ಇಷ್ಟೆಲ್ಲ ಆಯಿತು.”

ಧವಳಸೇನನು ಸಭೆಯ ಮುಂದೆಯೇ ಗಟ್ಟಿಯಾಗಿ ನಕ್ಕು ಪತ್ರವನ್ನು ಹರಿದನು. ಪೂರ್ತಿ ರಾಜ್ಯವನ್ನು ಮಗಳ ಹೆಸರಿಗೂ ಅವಳು ಒಪ್ಪಿದ ವರನ ಹೆಸರಿಗೂ ಬರೆಸಿದನು. ಅವಳು ಒಪ್ಪಿದವನು ಯಾರೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಮದುವೆಯ ಊಟದಲ್ಲಿ ಗಂಜಿಯ ಮುದುಕಿ ಅರಸನ ಪಕ್ಕದ ಎಲೆಯಲ್ಲಿ ಕುಳಿತಳು, ಅವಳ ಲೋಟವನ್ನು ಅಂಚಿನವರೆಗೆ ತುಂಬಿದವನು ಅರಸನೇ.